ಮಬ್ಬಾದ ಹೆಡ್‌ಲೈಟಿಗೆ ಮನೆಮದ್ದು: ಪೇಸ್ಟು, ಸೋಡಾ, ಹುಣಸೆಹಣ್ಣು – ಯಾವುದು ನಿಲ್ಲುತ್ತದೆ?

ಪುತ್ತೂರು ಹಳೇಕಾರು:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2012ರಲ್ಲಿ ಕೊಂಡ ಸಣ್ಣ ಕಾರೊಂದಿದೆ. ಎಂಜಿನ್ನಿನ ಬಗ್ಗೆ ನನ್ನ ದೂರೇನೂ ಇಲ್ಲ. ಆದರೆ ಎರಡೂ ಹೆಡ್‌ಲೈಟುಗಳ ಮುಖ ಗಂಜಿ ತಿಳಿಯಂತೆ ಮಬ್ಬಾಗಿ, ಅಂಚಿನಲ್ಲಿ ಹಳದಿ ತಿರುಗಿದೆ. ಅಂಗಳದಲ್ಲಿ ಕಾರು ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತದೆ. ಎಡಗಡೆಗೆ ಹಲಸಿನ ಮರದ ನೆರಳಿದೆ, ಬಲಗಡೆಗೆ ಇಲ್ಲ. ಬಲಗಡೆಯ ಲೈಟು ಎಡದ್ದಕ್ಕಿಂತ ಹೆಚ್ಚು ಕೆಟ್ಟಿದೆ.

ಕಳೆದ ವಾರ ರಾತ್ರಿ ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವಾಗ ರಸ್ತೆಯಂಚಿನ ಬಿಳಿ ಗೆರೆ ಕಾಣಿಸದೆ, ಮುಂದೆ ಹೋಗುತ್ತಿದ್ದ ಲಾರಿಯ ಹಿಂದಿನ ಕೆಂಪು ದೀಪವನ್ನೇ ನಂಬಿಕೊಂಡು ಬಂದೆ. ಎರಡು ಲೈಟುಗಳ ಜೋಡಿ ಬದಲಾಯಿಸಲು ಹದಿನಾಲ್ಕು ಸಾವಿರ ಕೇಳುತ್ತಾರೆ. ಕಾರಿನ ಈಗಿನ ಬೆಲೆ ನೋಡಿದರೆ ಅಷ್ಟು ಹಾಕಲು ಮನಸ್ಸಾಗುವುದಿಲ್ಲ. ಹಲ್ಲುಜ್ಜುವ ಪೇಸ್ಟು ಹಚ್ಚಿ ತಿಕ್ಕಿದರೆ ಸಾಕೆಂದು ಅತ್ತಿಗೆ ಹೇಳುತ್ತಿದ್ದಾರೆ. ಅಡುಗೆ ಸೋಡಾ ಎಂದು ಒಬ್ಬರು, ಸೊಳ್ಳೆ ಓಡಿಸುವ ಸ್ಪ್ರೇ ಎಂದು ಇನ್ನೊಬ್ಬರು ಸೂಚಿಸಿದ್ದಾರೆ. ನಿಜವಾಗಿ ಮಾಡಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಬೇಕು.

ಒಂಟಿಕೊಪ್ಪಲು:

ಪುತ್ತೂರಿನವರೇ, ನಾನು ಪೇಸ್ಟಿನಿಂದ ಮಾಡಿ ನೋಡಿದ್ದೇನೆ. ಬೇಕೆಂದೇ ಒಂದು ಬದಿಯ ಲೈಟಿಗೆ ಮಾತ್ರ ಮಾಡಿ, ಇನ್ನೊಂದನ್ನು ಹೋಲಿಕೆಗೆಂದು ಹಾಗೇ ಬಿಟ್ಟಿದ್ದೆ. ಬಳಸಿದ್ದು ಬಿಳಿಯ ಪೇಸ್ಟು. ಬಣ್ಣದ ಜೆಲ್ಲಿನಲ್ಲಿ ಅಷ್ಟು ಉಜ್ಜುವ ಗುಣ ನನಗೆ ಕಾಣಲಿಲ್ಲ. ಮೊದಲು ಶ್ಯಾಂಪೂ ನೀರಿನಿಂದ ಧೂಳು ತೊಳೆದು, ಸುತ್ತಲಿನ ಬಣ್ಣಕ್ಕೆ ತಾಗದಿರಲೆಂದು ಟೇಪು ಅಂಟಿಸಿ, ಮಾವನವರ ಹಳೆಯ ಹತ್ತಿ ಪಂಚೆಯ ತುಂಡನ್ನು ಒದ್ದೆ ಮಾಡಿಕೊಂಡು ಹತ್ತು ಹನ್ನೆರಡು ನಿಮಿಷ ಸುತ್ತು ಸುತ್ತಾಗಿ ತಿಕ್ಕಿದೆ. ಮೂಲೆಗಳಿಗೆ ಹಳೆಯ ಟೂತ್ ಬ್ರಷ್ ಸಾಕಾಯಿತು. ಬಟ್ಟೆ ಹಳದಿಯಾಯಿತು. ಅದು ಕೊಳೆ ಎಂದುಕೊಂಡು ನನಗೆ ಬಹಳ ಸಮಾಧಾನವಾಗಿತ್ತು.

ತೊಳೆದ ಮೇಲೆ ಲೈಟು ನಿಜವಾಗಿಯೂ ಚೆನ್ನಾಗಿ ಕಂಡಿತು. ಅಕ್ಕಪಕ್ಕದವರು ಬಂದು ನೋಡಿಹೋದರು. ಆದರೆ ಸುಮಾರು ಏಳು ವಾರಕ್ಕೆ ಮಬ್ಬು ಮರಳಿ ಬಂತು, ನಾಲ್ಕು ತಿಂಗಳಾಗುವ ಹೊತ್ತಿಗೆ ಉಜ್ಜಿದ ಲೈಟು ಉಜ್ಜದ ಲೈಟಿಗಿಂತ ಹೆಚ್ಚು ಹಳದಿಯಾಗಿತ್ತು. ಇದು ಏಕೆ ಹೀಗೆ ಎಂದು ತಿಳಿದವರು ಹೇಳಬೇಕು.

ರಸಾಯನ ಮೇಷ್ಟ್ರು, ಧಾರವಾಡ:

ಒಂಟಿಕೊಪ್ಪಲಿನ ತಾಯಿಯವರು ಒಂದನ್ನು ಉಜ್ಜಿ ಒಂದನ್ನು ಬಿಟ್ಟದ್ದು ನನ್ನ ವಿದ್ಯಾರ್ಥಿಗಳಿಗೆ ನಾನು ವರ್ಷಗಟ್ಟಲೆ ಹೇಳಿಕೊಟ್ಟರೂ ಅವರು ಮಾಡದಿದ್ದ ಕೆಲಸ. ಅವರ ಪ್ರಶ್ನೆಗೆ ಉತ್ತರ ಕೊಡುವ ಮುನ್ನ, ನಾವು ‘ಗಾಜು’ ಎನ್ನುತ್ತಿರುವುದು ಗಾಜಲ್ಲ ಎಂಬುದನ್ನು ನೆನಪಿಡಬೇಕು. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಅದು ಗಾಜೇ ಆಗಿತ್ತು. ಕಲ್ಲು ಬಡಿದು ಒಡೆಯುತ್ತಿತ್ತೇ ಹೊರತು ಹಳದಿಯಾಗುತ್ತಿರಲಿಲ್ಲ. ಅಮೆರಿಕದಲ್ಲಿ 1983ರಲ್ಲಿ ನಿಯಮ ಸಡಿಲವಾದ ಮೇಲೆ 1984ರ ಮಾದರಿಯ ಲಿಂಕನ್ ಮಾರ್ಕ್ 7 ಕಾರಿನಲ್ಲಿ ಪ್ಲಾಸ್ಟಿಕ್ ಮುಖದ, ಬಲ್ಬು ಮಾತ್ರ ಬದಲಿಸಬಹುದಾದ ಹೆಡ್‌ಲೈಟು ಬಂತು. ಇಂದು ಹೆಚ್ಚುಕಡಿಮೆ ಎಲ್ಲ ಕಾರುಗಳಲ್ಲಿರುವುದೂ ಅದೇ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಹಗುರ, ಬೇಕಾದ ಆಕಾರಕ್ಕೆ ಬಗ್ಗುತ್ತದೆ, ಸುತ್ತಿಗೆಯಿಂದ ಹೊಡೆದರೂ ಸುಲಭವಾಗಿ ಒಡೆಯುವುದಿಲ್ಲ. ಅದಕ್ಕಿರುವ ದೌರ್ಬಲ್ಯಗಳು ಎರಡು: ಮೇಲ್ಮೈ ಮೆತ್ತಗಿದ್ದು ಬೇಗ ಗೀರುತ್ತದೆ; ಬಿಸಿಲಿನಲ್ಲಿರುವ ನೇರಳಾತೀತ ಕಿರಣವನ್ನು ಹೀರಿಕೊಂಡು ಅದರ ಅಣುಸರಪಳಿಗಳು ಮುರಿದು, ಬೇರೆ ರೀತಿಯಲ್ಲಿ ಜೋಡಣೆಗೊಂಡು, ಹಳದಿ ಬಣ್ಣದ ಸಂಯುಕ್ತಗಳಾಗುತ್ತವೆ.

ಈ ಎರಡನ್ನೂ ತಡೆಯಲೆಂದು ಕಾರ್ಖಾನೆಯಲ್ಲಿ ಅದರ ಮೇಲೆ ಕೂದಲೆಳೆಗಿಂತ ತೆಳುವಾದ ಗಟ್ಟಿ ಲೇಪವೊಂದನ್ನು ಕೊಡುತ್ತಾರೆ. ಬಿಸಿಲು, ಧೂಳು, ಮಳೆಗಳ ನಡುವೆ ಕೆಲವು ವರ್ಷ ಕಳೆದಾಗ ಆ ಲೇಪ ಅಲ್ಲಲ್ಲಿ ಸವೆದು, ಬಿರಿದು, ಏಳತೊಡಗುತ್ತದೆ. ಪುತ್ತೂರಿನವರ ಕಾರಿನಲ್ಲಿ ಹಲಸಿನ ಮರದ ನೆರಳು ಬೀಳುವ ಬದಿ ಕಡಿಮೆ ಕೆಟ್ಟಿರುವುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಈಗ ತಾಯಿಯವರ ಪ್ರಶ್ನೆ. ಪೇಸ್ಟಿನಲ್ಲಿರುವುದು ಸಿಲಿಕಾ ಅಥವಾ ಸುಣ್ಣದ ಕಾರ್ಬೊನೇಟಿನ ನುಣ್ಣನೆಯ ಪುಡಿ. ಅದು ಸೋಪಿನಂತೆ ಕೊಳೆ ಬಿಡಿಸುವುದಿಲ್ಲ, ಮೇಲ್ಮೈಯನ್ನು ಕೆರೆಯುತ್ತದೆ. ಬಟ್ಟೆಗೆ ಬಂದ ಹಳದಿ ಕೊಳೆಯಲ್ಲ, ಸತ್ತ ಪ್ಲಾಸ್ಟಿಕ್ಕು ಮತ್ತು ಅಳಿದುಳಿದ ಲೇಪ. ಹೊಸ ಮೇಲ್ಮೈ ಹೊಳೆಯಿತು, ನಿಜ. ಆದರೆ ಅದಕ್ಕೆ ಕಾಪು ಏನೂ ಇರಲಿಲ್ಲ. ಉಜ್ಜದ ಲೈಟಿನ ಮೇಲೆ ಹರಕಲಾದರೂ ಒಂದು ಅಂಗಿಯಿತ್ತು. ಉಜ್ಜಿದ ಲೈಟು ಬರಿಮೈಯಲ್ಲಿ ಮೈಸೂರಿನ ಬಿಸಿಲಿಗೆ ನಿಂತಿತು.

ಬಿಸಿಲೂರು:

ಮೇಷ್ಟ್ರೇ, ನಾನು ರಾಯಚೂರಿನವನು, ಬಿಸಿಲಿನ ವಿಷಯ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಮನೆಯಲ್ಲಿ ಹಿತ್ತಾಳೆ ದೀಪ, ತಾಮ್ರದ ಕೊಡಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ, ಎರಡು ನಿಮಿಷದಲ್ಲಿ ಹೊಸದರಂತಾಗುತ್ತವೆ. ಹೆಡ್‌ಲೈಟಿನದ್ದೂ ‘ಆಕ್ಸಿಡೇಷನ್’ ಎನ್ನುತ್ತಾರಲ್ಲ, ಹುಣಸೆಹಣ್ಣೋ ನಿಂಬೆಹಣ್ಣೋ ಏಕೆ ಕೆಲಸ ಮಾಡಬಾರದು? ಅಡುಗೆ ಸೋಡಾಕ್ಕೆ ವಿನಿಗರ್ ಸುರಿದು ಬುರುಗೆಬ್ಬಿಸುವ ವಿಡಿಯೋಗಳನ್ನೂ ಸಾಕಷ್ಟು ನೋಡಿದ್ದೇನೆ.

ರಸಾಯನ ಮೇಷ್ಟ್ರು, ಧಾರವಾಡ:

ಹೆಸರು ಒಂದೇ ಆದರೂ ರೋಗ ಬೇರೆ. ತಾಮ್ರದ ಮೇಲಿನ ಕಪ್ಪು ಲೋಹದ ಆಕ್ಸೈಡು. ಹುಣಸೆಯ ಟಾರ್ಟಾರಿಕ್ ಆಮ್ಲ ಅದನ್ನು ಕರಗಿಸಿಕೊಂಡು ಹೋಗುತ್ತದೆ, ಅಡಿಯಲ್ಲಿ ಶುದ್ಧ ತಾಮ್ರ ಉಳಿಯುತ್ತದೆ. ಪಾಲಿಕಾರ್ಬೊನೇಟಿನ ಮೇಲೆ ಅಂಥ ಲೋಹದ ಆಕ್ಸೈಡು ಏನೂ ಇಲ್ಲ, ಪ್ಲಾಸ್ಟಿಕ್ಕೇ ಕೆಟ್ಟಿದೆ. ಹುಳಿಯಿಂದ ಏನೂ ಆಗುವುದಿಲ್ಲ. ಹುಣಸೆಯ ನಾರಿನಲ್ಲಿ ಸೇರಿಕೊಂಡ ಮರಳಿನ ಕಣ ಗೀರು ಮಾಡದಿದ್ದರೆ ಅದೇ ಪುಣ್ಯ.

ಸೋಡಾ ಮತ್ತು ವಿನಿಗರ್ ಬೆರೆಸುವುದಂತೂ ಕಣ್ಣಿಗೆ ಹಬ್ಬ, ಅಷ್ಟೇ. ಒಂದು ಕ್ಷಾರ, ಒಂದು ಆಮ್ಲ. ಎರಡೂ ಒಂದನ್ನೊಂದು ತಿಂದುಹಾಕಿ, ಇಂಗಾಲದ ಡೈಆಕ್ಸೈಡು ಗುಳ್ಳೆಯಾಗಿ ಹಾರಿಹೋಗಿ, ಕೊನೆಗೆ ಉಳಿಯುವುದು ಸೋಡಿಯಂ ಅಸಿಟೇಟು ಕರಗಿದ ನೀರು. ಉಜ್ಜಲು ಬೇಕಾದ ಸೋಡಾದ ಹರಳನ್ನೇ ವಿನಿಗರ್ ಕರಗಿಸಿಬಿಡುತ್ತದೆ. ಸೋಡಾ ಬಳಸಲೇಬೇಕೆಂದಿದ್ದರೆ ಕೆಲವೇ ಹನಿ ನೀರಿನಲ್ಲಿ ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಬಳಸಿ. ಪೇಸ್ಟಿನಷ್ಟೇ, ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ, ಕೆಲಸ ಮಾಡುತ್ತದೆ.

ಜೆ.ಸಿ. ರಸ್ತೆ ಪೇಂಟರ್:

ಇಪ್ಪತ್ತೆರಡು ವರ್ಷದಿಂದ ಟಿಂಕರಿಂಗ್, ಪೇಂಟಿಂಗ್ ಕೆಲಸದಲ್ಲಿರುವವನ ಎರಡು ಮಾತು. ಮೊದಲು ಮಾಡಬಾರದ್ದನ್ನು ಹೇಳಿಬಿಡುತ್ತೇನೆ, ಏಕೆಂದರೆ ಮನೆಯಲ್ಲಿ ಕೆಡಿಸಿಕೊಂಡು ಬಂದ ಲೈಟನ್ನು ಸರಿಮಾಡುವುದೇ ನಮಗೆ ಅರ್ಧ ಕೆಲಸ.

ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರನ್ನು ಮುಟ್ಟಿಸಲೇಬೇಡಿ. ನೋಡಲು ಬಟ್ಟೆಯಂತಿದ್ದರೂ ಅದರೊಳಗೆ ಒರಟು ಕಣ ತುಂಬಿರುತ್ತದೆ. ಅದು ಬಿಟ್ಟ ಗೀರನ್ನು ತೆಗೆಯಲು 600 ನಂಬರಿನ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಉಪ್ಪುಕಾಗದ; ನಂಬರು ಹೆಚ್ಚಿದಷ್ಟೂ ನುಣುಪು) ಶುರುಮಾಡಬೇಕಾಗುತ್ತದೆ. ಪಾತ್ರೆ ತೊಳೆಯುವ ಪುಡಿ, ಬೂದಿ, ರಂಗೋಲಿ ಪುಡಿಗಳಿಗೂ ಇದೇ ಮಾತು: ಕಣ ಒಂದೇ ಸಮ ಇರುವುದಿಲ್ಲ, ನೂರರಲ್ಲಿ ಒಂದು ದಪ್ಪ ಕಣವಿದ್ದರೂ ಅದೇ ಗೆರೆ ಎಳೆಯುತ್ತದೆ. ಥಿನ್ನರ್, ಪೆಟ್ರೋಲು, ಉಗುರುಬಣ್ಣ ತೆಗೆಯುವ ದ್ರವ ಯಾವುದೂ ಬೇಡ. ಅವು ಆ ಕ್ಷಣಕ್ಕೆ ಮೇಲ್ಮೈಯನ್ನು ಕರಗಿಸಿ ನುಣುಪು ಮಾಡಿದಂತೆ ತೋರಿಸಿ, ಮರುದಿನ ಜೇಡರ ಬಲೆಯಂಥ ಬಿರುಕು ತರುತ್ತವೆ. ಆ ಬಿರುಕು ಪ್ಲಾಸ್ಟಿಕ್ಕಿನ ಒಳಕ್ಕೆ ಇಳಿದಿರುತ್ತದೆ, ಯಾವ ಪಾಲಿಶ್‌ಗೂ ಸಿಗುವುದಿಲ್ಲ.

ಸೊಳ್ಳೆಯ ಸ್ಪ್ರೇ ಬಗ್ಗೆ ಜನ ಎರಡನ್ನು ಬೆರೆಸುತ್ತಾರೆ. ವಿದೇಶದ ವಿಡಿಯೋಗಳಲ್ಲಿ ತೋರಿಸುವುದು ಮೈಗೆ ಹಚ್ಚಿಕೊಳ್ಳುವ, ಡೀಟ್ ಎಂಬ ರಾಸಾಯನಿಕವಿರುವ ನಿವಾರಕ. ಅದು ಪ್ಲಾಸ್ಟಿಕ್ಕನ್ನು ಮೃದುಗೊಳಿಸುತ್ತದೆ. ಹೊಳಪು ಬರುವುದು ಅದರಿಂದಲೇ, ಮುಂದೆ ಅಂಟಂಟಾಗಿ ಧೂಳು ಹಿಡಿಯುವುದೂ ಅದರಿಂದಲೇ. ಬಂಪರಿಗೆ ಸೋರಿದರೆ ಬಣ್ಣವೂ ಹೋಗುತ್ತದೆ. ನಮ್ಮಲ್ಲಿ ಕೋಣೆಗೆ ಹೊಡೆಯುವುದು ಕೀಟನಾಶಕ, ಬೇರೆಯದೇ ವಸ್ತು. ಅದರಿಂದ ಆ ಸುಳ್ಳು ಹೊಳಪೂ ಬರುವುದಿಲ್ಲ.

ಇನ್ನೊಂದು, ತೆಂಗಿನೆಣ್ಣೆ. ಹಳೆ ಕಾರು ಮಾರುವ ಕೆಲವರು ಗಿರಾಕಿ ಬರುವ ಅರ್ಧ ಗಂಟೆ ಮುಂಚೆ ಹೆಡ್‌ಲೈಟಿಗೆ ಎಣ್ಣೆಯ ಕೈ ಸವರಿ ನಿಲ್ಲಿಸುತ್ತಾರೆ. ಗೀರುಗಳಲ್ಲಿ ಎಣ್ಣೆ ತುಂಬಿಕೊಂಡು ಕನ್ನಡಿಯಂತೆ ಕಾಣುತ್ತದೆ. ಕಾರು ಕೊಳ್ಳಲು ಹೋಗುವವರು ಕರ್ಚೀಫಿನಿಂದ ಒಮ್ಮೆ ಒರೆಸಿ ನೋಡುವುದು ಒಳ್ಳೆಯದು.

ಅದೇ ಗುಟ್ಟನ್ನು ಪುತ್ತೂರಿನವರು ಒಳ್ಳೆಯದಕ್ಕೂ ಬಳಸಬಹುದು. ಒಂದು ಚೊಂಬು ನೀರನ್ನು ಲೈಟಿನ ಮೇಲೆ ಸುರಿಯಿರಿ. ಒದ್ದೆಯಿರುವಷ್ಟು ಹೊತ್ತು ಮಬ್ಬು ಮಾಯವಾಗಿ, ಒಣಗಿದಾಗ ಮರಳಿದರೆ ರೋಗ ಹೊರಗಿದೆ, ಕೈಯಿಂದ ಸರಿಯಾಗುತ್ತದೆ. ಒದ್ದೆಯಾದರೂ ಮಬ್ಬು ಹಾಗೇ ಇದ್ದರೆ ಒಳಗೆ ಹಬೆ ಕೂತಿದೆ ಅಥವಾ ಬಿರುಕು ಆಳಕ್ಕಿದೆ. ಹೊರಗೆ ಎಷ್ಟು ತಿಕ್ಕಿದರೂ ವ್ಯರ್ಥ.

ಪುತ್ತೂರು ಹಳೇಕಾರು:

ಪೇಂಟರಣ್ಣ, ಬೆಳಿಗ್ಗೆ ಎದ್ದವನೇ ಚೊಂಬು ಹಿಡಿದು ಹೋದೆ. ಬಲಗಡೆಯದು ನೀರು ಬಿದ್ದ ಕೂಡಲೇ ತಿಳಿಯಾಯಿತು, ಒಳಗಿನ ಬಲ್ಬಿನ ತುದಿಯ ಬೂದುಬಣ್ಣದ ಟೋಪಿ ಕೂಡ ಕಂಡಿತು. ಎಡಗಡೆಯದು ಮುಕ್ಕಾಲು ಭಾಗ ತಿಳಿಯಾಗಿ, ಕೆಳಮೂಲೆಯಲ್ಲಿ ಅಂಗೈಯಗಲ ಮಬ್ಬು ಹಾಗೇ ನಿಂತಿತು. ಹತ್ತಿರದಿಂದ ನೋಡಿದರೆ ಒಳಗಡೆ ಸಾಸಿವೆ ಗಾತ್ರದ ನೀರಹನಿಗಳಿವೆ. ಬಿಸಿಲಿನಿಂದ ಕೆಡದ ಲೈಟು ನೀರಿನಿಂದ ಕೆಟ್ಟಿದೆ. ಈಗ ಮುಂದೇನು ಮಾಡಲಿ?

ಜೆ.ಸಿ. ರಸ್ತೆ ಪೇಂಟರ್:

ಎಡಗಡೆಯ ಲೈಟಿನ ಹಿಂಬದಿಯಲ್ಲಿ ಬಲ್ಬಿಗೆ ರಬ್ಬರ್ ಟೋಪಿಯೊಂದು ಇರುತ್ತದೆ. ಬಲ್ಬು ಬದಲಿಸಿದವರು ಅದನ್ನು ಸರಿಯಾಗಿ ಕೂರಿಸದೆ ಬಿಟ್ಟಿರುವುದೇ ಹೆಚ್ಚು, ಮೊದಲು ಅದನ್ನು ನೋಡಿ. ಗಾಳಿಯಾಡಲೆಂದೇ ಇಟ್ಟಿರುವ ಸಣ್ಣ ಕೊಳವೆಗೆ ಇರುವೆ ಮಣ್ಣು ಮೆತ್ತಿರುವುದೂ ಉಂಟು. ಅದನ್ನು ಬಿಡಿಸಿ, ಟೋಪಿ ತೆಗೆದು, ಬಿಸಿಲಿಗೆ ನಿಲ್ಲಿಸಿದರೆ ಹನಿ ಆರುತ್ತದೆ. ಆರದಿದ್ದರೆ ಅಂಚಿನ ಗಮ್ ಬಿಟ್ಟಿದೆ ಎಂದರ್ಥ.

ಬಲಗಡೆಯದಕ್ಕೆ ವಾಟರ್ ಪೇಪರ್ ಬೇಕೇ ಬೇಕು. 1000, 2000, 3000 ನಂಬರುಗಳ ಒಂದೊಂದು ಹಾಳೆ ಸಾಕು, ಪೇಂಟ್ ಅಂಗಡಿಯಲ್ಲಿ ಸಿಗುತ್ತವೆ. ಉಳಿದದ್ದೆಲ್ಲ ಮನೆಯದೇ: ಬಕೆಟ್ಟು, ನಾಲ್ಕು ಹನಿ ಶ್ಯಾಂಪೂ, ಹಳೆಯ ಬನಿಯನ್ನು, ಕೈಯಲ್ಲಿ ಹಿಡಿದು ಪೇಪರ್ ಸುತ್ತಲು ಹವಾಯಿ ಚಪ್ಪಲಿಯಿಂದ ಕತ್ತರಿಸಿದ ತುಂಡು. ಬೆರಳಿನಿಂದಲೇ ಒತ್ತಿದರೆ ಬೆರಳಿನ ಗೆರೆ ಗೆರೆಯಾಗಿ ತಗ್ಗು ಬೀಳುತ್ತದೆ, ಚಪ್ಪಲಿಯ ತುಂಡಾದರೆ ಒತ್ತಡ ಸಮವಾಗಿರುತ್ತದೆ. ಪೇಪರನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿ, 1000ದಿಂದ ಅಡ್ಡಡ್ಡ ಉಜ್ಜಿ. ಮೊದಲು ಹಳದಿ ನೀರು ಇಳಿಯುತ್ತದೆ. ಉಜ್ಜುತ್ತಾ ಹೋದಂತೆ ಅದು ಅಕ್ಕಿ ತೊಳೆದ ನೀರಿನಂತೆ ಬಿಳಿಯಾಗುತ್ತದೆ. ಹಳದಿ ಪೂರ್ತಿ ನಿಲ್ಲುವ ತನಕ ಮುಂದಿನ ಪೇಪರಿಗೆ ಹೋಗಬೇಡಿ, ಎಲ್ಲರೂ ಕೆಡುವುದು ಇಲ್ಲಿಯ ಅವಸರದಿಂದ. ಬಳಿಕ 2000ದಿಂದ ಮೇಲೆ ಕೆಳಗೆ ಉಜ್ಜಿ. ಅಡ್ಡ ಗೆರೆಗಳೆಲ್ಲ ಹೋಗಿ ಉದ್ದ ಗೆರೆಗಳು ಮಾತ್ರ ಉಳಿದರೆ ಆ ಹಂತ ಮುಗಿದಂತೆ. 3000ದಿಂದ ಮತ್ತೆ ಅಡ್ಡ. ಈ ಹೊತ್ತಿಗೆ ಲೈಟು ಮೊದಲಿಗಿಂತಲೂ ಮಬ್ಬಾಗಿ, ಹಾಲುಬಿಳುಪಾಗಿ ಕಾಣುತ್ತದೆ. ಹೆದರಬೇಡಿ.

ಇಲ್ಲಿಂದ ದಾರಿ ಎರಡಾಗುತ್ತದೆ. ರಬ್ಬಿಂಗ್ ಕಾಂಪೌಂಡಿನಿಂದ (ಪೇಂಟಿಗೆ ಹೊಳಪು ಕೊಡಲು ತಿಕ್ಕುವ ನುಣ್ಣನೆಯ ಲೇಹ್ಯ) ಪಾಲಿಶ್ ಮಾಡಿ ಮೇಲೆ ಕಾರಿನ ವ್ಯಾಕ್ಸ್ ಹಚ್ಚುವುದು ಒಂದು. ನಿಮ್ಮ ಅತ್ತಿಗೆಯವರ ಪೇಸ್ಟು ಕಾಂಪೌಂಡಿನ ಬದಲಿಗೆ ಇಲ್ಲಿ ಕೆಲಸಕ್ಕೆ ಬರುತ್ತದೆ, ತೋಳು ಮಾತ್ರ ಹೆಚ್ಚು ನೋಯುತ್ತದೆ. ವ್ಯಾಕ್ಸನ್ನು ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ಇನ್ನೊಂದು ದಾರಿ, 3000ವೂ ಪಾಲಿಶೂ ಇಲ್ಲದೆ 2000ಕ್ಕೇ ನಿಲ್ಲಿಸಿ, ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸಿದ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪೇಂಟು, ಹೊಡೆಯುವುದು. ಸಣ್ಣ ಗೀರುಗಳನ್ನೆಲ್ಲ ಅದೇ ತುಂಬಿಕೊಳ್ಳುತ್ತದೆ, ಗೀರಿದ್ದರೆ ಕೋಟ್ ಹಿಡಿದುಕೊಳ್ಳುವುದೂ ಚೆನ್ನ. ಸರಿಯಾಗಿ ಹೊಡೆದದ್ದು ಎರಡು ಮೂರು ವರ್ಷ ನಿಂತದ್ದನ್ನು ನಾನೇ ನೋಡಿದ್ದೇನೆ. ಆದರೆ ಆ ಹಾರ್ಡನರಿನ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಬಾಯಿಗೆ ಕರ್ಚೀಫು ಕಟ್ಟಿದರೆ ಸಾಲದು, ರಾಸಾಯನಿಕದ ಫಿಲ್ಟರ್ ಇರುವ ಮಾಸ್ಕ್ ಬೇಕು. ಇಲ್ಲವೆಂದರೆ ಆ ಕೆಲಸವನ್ನು ಪೇಂಟರಿಗೇ ಬಿಡಿ.

ಮಸ್ಕತ್ ಕನ್ನಡಿಗ:

ಒಳ್ಳೆಯ ಚರ್ಚೆ. ಇಲ್ಲಿ ಒಮಾನಿನಲ್ಲಿ ಬಿಸಿಲಿನ ಜೊತೆ ಮರಳಿನ ಕಾಟವೂ ಇದೆ. ಗಾಳಿಗೆ ಏಳುವ ಮರಳು ನೂರು ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರಿನ ಹೆಡ್‌ಲೈಟನ್ನು ಉಪ್ಪುಕಾಗದ ಹಿಡಿದು ಉಜ್ಜಿದಂತೆ ಮಾಡುತ್ತದೆ, ನಾಲ್ಕನೆಯ ವರ್ಷಕ್ಕೇ ಮಬ್ಬು ಶುರು. ಹೊಸ ಕಾರು ಕೊಂಡವರು ಮೊದಲ ದಿನವೇ ಹೆಡ್‌ಲೈಟಿಗೆ ಪಿಪಿಎಫ್ ಎಂಬ ಪಾರದರ್ಶಕ ರಕ್ಷಣಾ ಹಾಳೆ ಅಂಟಿಸುವುದು ಇಲ್ಲಿ ಸಾಮಾನ್ಯ. ಹಾಳೆ ಹಳದಿಯಾದರೆ ಕಿತ್ತು ಬೇರೆ ಹಾಕಿದರಾಯಿತು.

ಅಮೆರಿಕದ ವಾಹನ ಚಾಲಕರ ಸಂಘವಾದ ಎಎಎ 2018ರಲ್ಲಿ ಮಾಡಿದ ಪರೀಕ್ಷೆಯಲ್ಲಿ, ಮಬ್ಬಾದ ಹೆಡ್‌ಲೈಟುಗಳು ಹೊಸದರ ಬೆಳಕಿನ ಐದನೇ ಒಂದು ಭಾಗವನ್ನಷ್ಟೇ ಕೊಟ್ಟವೆಂದೂ, ಉಜ್ಜಿ ಸರಿಪಡಿಸಿದಾಗ ಸುಮಾರು ಶೇ. 70ರವರೆಗೆ ಮರಳಿತೆಂದೂ ಕಂಡುಬಂತು. ಬೆಳಕು ಕಡಿಮೆಯೆಂದು ಹೆಚ್ಚು ವಾಟ್ಸಿನ ಬಲ್ಬು ಹಾಕುವವರೂ ಇದ್ದಾರೆ. ಸಾಮಾನ್ಯ ಎಚ್4 ಮಾದರಿಯ ಬಲ್ಬು 60/55 ವಾಟ್ಸಿನದು (ಹೈ ಬೀಮಿಗೆ 60, ಲೋ ಬೀಮಿಗೆ 55); ಅದರ ಜಾಗದಲ್ಲಿ ನೂರರದ್ದನ್ನು ಹಾಕಿದರೆ ಹೋಲ್ಡರ್ ಕರಗಿ, ಪ್ರತಿಫಲಕ ಸುಟ್ಟು, ಲೈಟು ಒಳಗಿನಿಂದಲೂ ಕೆಡುತ್ತದೆ. ಮಬ್ಬು ಮುಖದ ಹಿಂದೆ ಬೆಳಕು ಹೆಚ್ಚಿಸಿದರೆ ಅದು ರಸ್ತೆಗೆ ಬೀಳದೆ ಎದುರಿನವರ ಕಣ್ಣಿಗೆ ಚೆದುರುತ್ತದೆ.

ಒಂಟಿಕೊಪ್ಪಲು:

ಒಂದು ಸಣ್ಣ ಸಂದೇಹ. ಕೋಟ್ ಹೊಡೆಯುವ ಮುನ್ನ ಜಿಡ್ಡು ತೆಗೆಯಲು ಸ್ಪಿರಿಟ್ಟಿನಿಂದ ಒರೆಸಬೇಕೆಂದು ಕೇಳಿದ್ದೇನೆ. ಕೊರೋನಾ ಕಾಲದ ಸ್ಯಾನಿಟೈಸರ್ ಡಬ್ಬಗಳು ಇನ್ನೂ ಅಟ್ಟದಲ್ಲಿ ಬಿದ್ದಿವೆ, ಅವು ನಡೆಯುತ್ತವೆಯೇ?

ರಸಾಯನ ಮೇಷ್ಟ್ರು, ಧಾರವಾಡ:

ನಡೆಯುವುದಿಲ್ಲ, ತಾಯಿ. ಕೈ ಒಣಗದಿರಲೆಂದು ಅದರಲ್ಲಿ ಗ್ಲಿಸರಿನ್ ಬೆರೆಸಿರುತ್ತಾರೆ. ಸ್ಪಿರಿಟ್ಟು ಹಾರಿಹೋದ ಮೇಲೂ ಗ್ಲಿಸರಿನ್ ತೆಳುವಾಗಿ ಉಳಿದು, ಅದರ ಮೇಲೆ ಕೋಟ್ ಹಿಡಿಯುವುದಿಲ್ಲ. ಔಷಧದಂಗಡಿಯಲ್ಲಿ ಸಿಗುವ ಬರಿಯ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬಟ್ಟೆ ತೇವ ಮಾಡಿ ಒಮ್ಮೆ ಒರೆಸಿದರೆ ಸಾಕು. ಅಟ್ಟದ ಡಬ್ಬಗಳು ಕಿಟಕಿ ಗಾಜಿಗಾದವು.

ಪುತ್ತೂರು ಹಳೇಕಾರು:

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಭಾನುವಾರ ಮಳೆ ಬಿಟ್ಟ ನಾಲ್ಕು ಗಂಟೆಯಲ್ಲಿ ಬಲಗಡೆಯ ಲೈಟು ಮುಗಿಸಿದೆ. ಹಳದಿ ನೀರು ನಿಲ್ಲಲು ಮುಕ್ಕಾಲು ಗಂಟೆ ಹಿಡಿಯಿತು. ಮೇಲಂಚಿನ ಒಂದು ಬೆರಳಗಲ ಜಾಗದಲ್ಲಿ ಹಳೆಯ ಲೇಪ ಇನ್ನೂ ಗಟ್ಟಿಯಾಗಿದ್ದು, ಮೀನಿನ ಹುರುಪೆಯಂತೆ ಚಕ್ಕೆ ಚಕ್ಕೆಯಾಗಿ ಕಾಣುತ್ತಿತ್ತು. ಅದನ್ನು ತೆಗೆಯಲು 800ರ ಪೇಪರನ್ನು ಮತ್ತೆ ತರಿಸಬೇಕಾಯಿತು. 3000 ಆದ ಮೇಲೆ ಪೇಸ್ಟಿನಿಂದ ತಿಕ್ಕಿ, ವ್ಯಾಕ್ಸ್ ಹಚ್ಚಿದ್ದೇನೆ. ಅತ್ತಿಗೆ ಬಂದು ನೋಡಿ, ‘ನಾನು ಮೊದಲೇ ಪೇಸ್ಟು ಎಂದಿರಲಿಲ್ಲವೇ’ ಎಂದರು. ವಾಟರ್ ಪೇಪರಿನ ವಿಷಯವನ್ನು ನಾನು ಎತ್ತಲಿಲ್ಲ.

ಎಡಗಡೆಯದರಲ್ಲಿ ಪೇಂಟರಣ್ಣ ಹೇಳಿದಂತೆಯೇ ರಬ್ಬರ್ ಟೋಪಿಯ ಒಂದು ಕಿವಿ ಒಳಕ್ಕೆ ಮಡಚಿಕೊಂಡಿತ್ತು. ಸರಿಪಡಿಸಿದ್ದೇನೆ, ಹನಿಗಳು ಅರ್ಧದಷ್ಟು ಆರಿವೆ. ಕ್ಲಿಯರ್ ಕೋಟ್ ಈಗಲೇ ಹೊಡೆಸಬಹುದೇ ಎಂಬುದೊಂದು ಪ್ರಶ್ನೆ ಉಳಿದಿದೆ.

ಜೆ.ಸಿ. ರಸ್ತೆ ಪೇಂಟರ್:

ನಿಮ್ಮೂರಿನ ಮಳೆಯಲ್ಲಿ ಬೇಡ. ಗಾಳಿಯಲ್ಲಿ ತೇವ ಹೆಚ್ಚಿರುವಾಗ ಹೊಡೆದ ಕೋಟ್ ಒಣಗುತ್ತಲೇ ಬೆಳ್ಳಗೆ ಮಂಜು ಹಿಡಿಯಬಹುದು, ಆಗ ಎಲ್ಲವನ್ನೂ ಮತ್ತೆ ಉಜ್ಜಬೇಕು. ದೀಪಾವಳಿ ಕಳೆದು ಒಣಹವೆ ಬಂದ ಮೇಲೆ ಮಾಡಿಸಿ. ಆಗ ವ್ಯಾಕ್ಸನ್ನು ಪೂರ್ತಿ ತೆಗೆದು, 2000ದಿಂದ ಒಮ್ಮೆ ಲಘುವಾಗಿ ಉಜ್ಜಿಯೇ ಕೋಟ್ ಹೊಡೆಯಬೇಕೆಂದು ಪೇಂಟರಿಗೆ ಹೇಳಿ. ಅಲ್ಲಿಯತನಕ ವ್ಯಾಕ್ಸೇ ಕಾಯಲಿ. ಸ್ಟಿಯರಿಂಗಿನ ಪಕ್ಕದಲ್ಲಿ ಹೆಡ್‌ಲೈಟನ್ನು ಏರಿಳಿಸುವ ಗುಂಡಿಯಿದ್ದರೆ ಅದನ್ನೂ ನೋಡಿ. ಮಬ್ಬಿನಲ್ಲಿ ದೂರ ಕಾಣಲೆಂದು ಅದನ್ನು ಸೊನ್ನೆಗೆ ಇಟ್ಟುಕೊಂಡವರು, ಲೈಟು ತಿಳಿಯಾದ ಮೇಲೆ ಹಿಂದಿನ ಸೀಟು, ಡಿಕ್ಕಿ ತುಂಬಿಕೊಂಡು ಹೊರಟಾಗಲೂ ತಗ್ಗಿಸಲು ಮರೆಯುತ್ತಾರೆ.

ಪುತ್ತೂರು ಹಳೇಕಾರು:

ಸೊನ್ನೆಯಲ್ಲೇ ಇತ್ತು. ನಿನ್ನೆ ರಾತ್ರಿ ಮನೆಮಂದಿಯೆಲ್ಲ ಉಪ್ಪಿನಂಗಡಿಯಿಂದ ಬರುವಾಗ ಎದುರಿನಿಂದ ಬಂದ ಇಬ್ಬರು ನನಗೆ ಡಿಪ್ ಹೊಡೆದು ತೋರಿಸಿದ್ದು ಏಕೆಂದು ಈಗ ಗೊತ್ತಾಯಿತು.